ಟ್ಯಾಬು ಅಂದದ್ದು ‘ಲೇ’

ದೇವದುರ್ಗದ ಹುಲಿಗೇಶ ಮಾಸ್ತರರು ವಾರವೆಲ್ಲ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ರಜೆ ಸಿಕ್ಕರೆ ಮಾನ್ವಿಯ ಮಹಾಂತಯ್ಯನವರ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದರು. ಎರಡನ್ನೂ ಜನ ಆಕಳಿಸುತ್ತಲೇ ಕೇಳುತ್ತಿದ್ದರು.

ಅವರ ಹಳೆಯ ಆಂಪ್ಲಿಫೈಯರ್ ಹತ್ತಿ ತುಂಬಿದ ಅಂಡಿಗೆಯಷ್ಟು ದೊಡ್ಡದು. ಬಸ್ಸಿನಲ್ಲಿ ಅದಕ್ಕೂ ಟಿಕೆಟ್ ಹರಿಯುತ್ತಿದ್ದರು. ಅದು ಸುಟ್ಟುಹೋದಾಗ ಮಹಾಂತಯ್ಯ ಸಿಹಿಸುದ್ದಿ ತಂದವರಂತೆ ಹೇಳಿದರು:

“ಮಾಸ್ತರ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅನಿಲಕುಮಾರನ ಕೀಬೋರ್ಡಿನಾಗ ಗಿಟಾರಿನ ಗುಂಡಿನೂ ಅದ. ರಾಯಚೂರಿನ ಮದುವಿ ಒಂದು ನೋಡ್ತೀನಿ. ಚಂದ ಬಾರಿಸಿದ್ರ ನೀವಿರ್ತೀರಿ, ಇಲ್ಲಾಂದ್ರ ಗುಂಡಿ ಇರ್ತದ.”

ಒಂದು ಗುಂಡಿಯ ಎದುರು ಸೋಲುವುದೇ! ಮಾಸ್ತರರು ಹೆಂಡತಿ ಶಶಿಕಲಾಳ ಟ್ಯಾಬನ್ನು ಕಾಡಿಬೇಡಿ ಪಡೆದು ಒಂದು ಆ್ಯಪ್ ಇಳಿಸಿದರು. ತೆರೆದರೆ ಸಾಲುಸಾಲು ಆಂಪ್ಲಿಫೈಯರುಗಳ ಚಿತ್ರ. ಗಿಟಾರಿನ ವೈರು ಟ್ಯಾಬಿಗೆ ಚುಚ್ಚಿ, ಚಿತ್ರದ ಗುಂಡಿಯನ್ನು ಬೆರಳಲ್ಲಿ ತಿರುವಿದರೆ ಗಿಟಾರು ಒಮ್ಮೆ ಗವಿಯೊಳಗಿಂದ ಮಾತಾಡುತ್ತಿತ್ತು, ಒಮ್ಮೆ ಟ್ರ್ಯಾಕ್ಟರಿನಂತೆ ಕೆಮ್ಮುತ್ತಿತ್ತು. ‘ಎಕೋ’ ಗುಂಡಿಯ ಮೇಲಂತೂ ಅವರಿಗೆ ಜೀವ. ಒಮ್ಮೆ ಮೀಟಿದರೆ ನಾಲ್ಕೈದು ಸಲ ಕೇಳಿಸುತ್ತಿತ್ತು, ಶ್ರಮವೂ ಕಡಿಮೆ.

“ಇದರಾಗ ಇಲ್ಲದ್ದು ಏನೂ ಇಲ್ಲ ನೋಡು!”

“ಹೌದ್ರೀ, ನನ್ನ ಸೀರಿಯಲ್ ಒಂದು ಇಲ್ಲ,” ಎಂದಳು ಶಶಿಕಲಾ.

ಮದುವೆಯ ದಿನ ಮೊದಲೆರಡು ಹಾಡು ಸಲೀಸಾಗಿ ಸಾಗಿದವು. ಮೂರನೆಯದರ ನಡುವೆ ಯಾರದೋ ಅಜ್ಜಿಯ ಕಾಲಿಗೆ ಸಿಕ್ಕಿ ಗಿಟಾರಿನ ವೈರು ಕಳಚಿತು. ವೈರು ಹೋದರೆ ಆ ಆ್ಯಪು ಸುಮ್ಮನಿರುವುದಿಲ್ಲ. ಟ್ಯಾಬಿನ ಮೈಕು ತೆರೆದು, ಸುತ್ತಲಿನ ಮಾತನ್ನೇ ಗಿಟಾರೆಂದು ತಿಳಿದು ಸ್ಪೀಕರಿಗೆ ಕಳಿಸುತ್ತದೆ. ಪಾಪ, ಮಾಸ್ತರರಿಗೆ ಇದು ಗೊತ್ತಿಲ್ಲ. ವೈರು ಕಳಚಿದ್ದು ಪಕ್ಕದ ಅನಿಲಕುಮಾರನದೇ ಕಿತಾಪತಿ ಎಂದುಕೊಂಡು, ಟ್ಯಾಬಿನ ಮೇಲೆ ಬಾಗಿ ಹಲ್ಲು ಕಡಿದರು:

“ಆಚಿಗಿ ಸರಿಯಲೇ!”

ಅದೇ ಹೊತ್ತಿಗೆ ವರನ ತಂದೆ, ಮಲ್ಲಟದ ಗಡಿಗೆಪ್ಪನವರು, ವೇದಿಕೆಯ ಮೆಟ್ಟಿಲಿಗೆ ಕಾಲಿಟ್ಟಿದ್ದರು. ‘ರೀ’ ಹಚ್ಚದೆ ಮಾತಾಡಿಸಿದರೆ ಉಣ್ಣುವ ಎಲೆ ಬಿಟ್ಟು ಏಳುವ ಮನುಷ್ಯ. ಸ್ಪೀಕರಿನಿಂದ ಕೋಣನ ದನಿಯಲ್ಲಿ ಬಂತು:

“ಆಚಿಗಿ ಸರಿಯಲೇ… ಲೇ… ಲೇ… ಲೇ…”

ತೊಟ್ಟಿಲ ಕೂಸೂ ಅಳು ನಿಲ್ಲಿಸಿತು.

“ಯಾರಿಗೆ ಅಂದಿ ‘ಲೇ’ ಅಂತ? ಅದೂ ನಾಕು ಸರ್ತಿ!” ಗಡಿಗೆಪ್ಪನವರ ರುಮಾಲು ನಡುಗಿತು.

ಮಹಾಂತಯ್ಯನವರ ಕಣ್ಣು ಆಗಲೇ ಕೀಬೋರ್ಡಿನ ಗುಂಡಿ ಹುಡುಕುತ್ತಿತ್ತು. ಮಾಸ್ತರರು ಟ್ಯಾಬನ್ನು ಎದೆಗವಚಿಕೊಂಡು ಗೋಗರೆದರು: “ನಿಮಗಲ್ರೀ!”

“ನಿಮಗಲ್ರೀ… ರೀ… ರೀ… ರೀ… ರೀ…”

ಕೊನೆಯ ‘ರೀ’ ಆರುವವರೆಗೂ ಗಡಿಗೆಪ್ಪನವರು ಕತ್ತು ವಾಲಿಸಿ ಕೇಳಿದರು. ಅಷ್ಟು ‘ರೀ’ ಅವರಿಗೆ ಬೀಗರೂ ಹಚ್ಚಿರಲಿಲ್ಲ.

“ಇನ್ನೊಮ್ಮಿ ಅನ್ರಿ. ಈ ಸಲ ಹೆಸರು ಹಚ್ಚಿ.”

“ಗಡಿಗೆಪ್ಪನವರೇ, ಬರ್ರೀ… ರೀ… ರೀ… ರೀ…”

ಇಷ್ಟಾದ ಮೇಲೆ ಬೀಗರು ತಮ್ಮ ಹೆಸರನ್ನೂ ಕೂಗಿಸಿಕೊಳ್ಳದೆ ಬಿಡುತ್ತಾರೆಯೇ? ಅವರ ಹಿಂದೆ ಸೋದರಮಾವಂದಿರು, ಅವರ ಹಿಂದೆ ವೈರು ಕಿತ್ತ ಅಜ್ಜಿ. ಊಟದ ಪಂಕ್ತಿಗಿಂತ ಟ್ಯಾಬಿನ ಮುಂದಿನ ಸಾಲೇ ಉದ್ದವಾಯಿತು. ಹಿಂದೆ ಅನಿಲಕುಮಾರ ಗುಂಡಿಯೊತ್ತಿ ಗಿಟಾರ್ ನುಡಿಸುತ್ತಿದ್ದ.

ಸಾಮಾನು ಕಟ್ಟುವಾಗ ಮಹಾಂತಯ್ಯ ಮಾಸ್ತರರ ಹೆಗಲ ಮೇಲೆ ಕೈಯಿಟ್ಟರು.

“ನೀವು ಖಾಯಂ, ಮಾಸ್ತರ್ರ. ಆದ್ರ ಗಿಟಾರ್ ಮನ್ಯಾಗ ಬಿಟ್ಟು ಬರ್ರಿ.”