ಬಿಸಿಲಿಗೆ ನಿಲ್ಲಿಸಿ ನೋಡಿದ ಹೆಣ್ಣು

ಶಿವರಾತ್ರಿ ಕಳೆದರೆ ಚಳಿ ಶಿವ ಶಿವ ಎಂದು ಓಡಿಹೋಗುತ್ತದೆ ಎನ್ನುತ್ತಾರೆ ನಮ್ಮ ಕಡೆ. ಹೋಗುವಾಗ ಅದು ಜನರ ಬುದ್ಧಿಯನ್ನೂ ಗಂಟು ಕಟ್ಟಿಕೊಂಡು ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ತುಮಕೂರಿನ ನಮ್ಮ ಬೀದಿಯಲ್ಲಿ ಇದನ್ನು ವರ್ಷಾ ವರ್ಷ ನೋಡುತ್ತಾ ಬಂದಿದ್ದೇನೆ. ಸಂಕ್ರಾಂತಿಯ ಹೊತ್ತಿನಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಸೂರ್ಯನಿಗಾಗಿ ಹಲುಬಿದವರೇ, ಅವನು ಸ್ವಲ್ಪ ಮೈತುಂಬಿಕೊಂಡು ಬಂದ ಕೂಡಲೇ ‘ಥೂ, ಏನ್ ಬಿಸಿಲಪ್ಪ’ ಎಂದು ಅವನಿಗೇ ಬಯ್ಯುತ್ತಾರೆ. ದೇವರು ಕೊಟ್ಟದ್ದನ್ನು ಕೊಟ್ಟ ಹಾಗೆ ಕೈಯೊಡ್ಡಿ ತೆಗೆದುಕೊಳ್ಳುವ ಜನವಲ್ಲ ಇದು.

ಎದುರು ಮನೆಯಲ್ಲಿ ಒಬ್ಬ ನಿವೃತ್ತ ಆಫೀಸರು ಇದ್ದಾರೆ. ಸರ್ವಿಸ್ ಪೂರ್ತಿ ಫ್ಯಾನಿನ ಕೆಳಗೆ ಕುಳಿತಿದ್ದು, ಈಗ ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಎಂದು ಬಂದಿದೆಯಂತೆ. ಅಂದಿನಿಂದ ಬನಿಯನ್ ತೆಗೆದು, ಮುಖಕ್ಕೆ ಪೇಪರ್ ಮುಚ್ಚಿಕೊಂಡು, ಟೆರೇಸಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಹಪ್ಪಳದ ಹಾಗೆ ಒಣಗುತ್ತಾರೆ. ಅದೇ ಹೊತ್ತಿಗೆ ಕೆಳಗೆ ಅವರ ಹೆಂಡತಿ, ಸೋಫಾದ ಬಣ್ಣ ಹೋಗುತ್ತದೆ ಎಂದು ಕಿಟಕಿಗಳಿಗೆಲ್ಲ ಪರದೆ ಎಳೆಯುತ್ತಾರೆ. ಒಂದೇ ಮನೆ, ಒಂದೇ ಬಿಸಿಲು. ಮೇಲೆ ಔಷಧಿ, ಕೆಳಗೆ ವಿಷ.

ನನ್ನ ಲೆಕ್ಕ ಬೇರೆ. ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು ಮೇಲೆ ಹೋಗಿ ಪೂರ್ವಕ್ಕೆ ಕೈಮುಗಿಯುತ್ತೇನೆ. ಒಗೆದ ಬೆಡ್‌ಶೀಟು ಮಧ್ಯಾಹ್ನದೊಳಗೆ ಗರಿಗರಿಯಾಯಿತೇ, ಶಿವ ದೊಡ್ಡವನು. ದಿಂಬಿನ ಮುಗ್ಗಲು ವಾಸನೆ ಹೋಯಿತೇ, ಅದೂ ಅವನ ದಯೆ. ಹುಳು ಬಿದ್ದ ಬೇಳೆಯನ್ನು ಬಿಸಿಲಿಗೆ ಹರಡಿದರೆ ನಾನೇನೂ ಹೇಳದೆ ಹುಳು ತಾನಾಗಿ ಎದ್ದು ಹೋಗುತ್ತದಲ್ಲ, ಅಂಥ ಉಪಕಾರವನ್ನು ಮನುಷ್ಯರು ಯಾರು ಮಾಡುತ್ತಾರೆ?

ಎಲ್ಲಕ್ಕಿಂತ ದೊಡ್ಡದು ಹುಣಸೆಹಣ್ಣು. ನನ್ನ ನಾದಿನಿಯನ್ನು ಗುಬ್ಬಿಗೆ ಕೊಟ್ಟಿದೆ. ಅವರ ತೆಂಗಿನ ತೋಟದ ಬದುವಿನಲ್ಲಿ ಒಂದು ಹಳೆಯ ಹುಣಸೆ ಮರವಿದೆ. ಈ ಕಾಲಕ್ಕೆ ಅಲ್ಲಿಂದ ನಮಗೆ ಗೋಣಿಚೀಲದಲ್ಲಿ ಹಣ್ಣು ಬರುತ್ತದೆ. ಅದನ್ನು ಟೆರೇಸಿನಲ್ಲಿ ಹರಡಿ, ಓಡು ಚಟಚಟ ಎನ್ನುವವರೆಗೆ ಒಣಗಿಸಿ, ಓಡು ಬಿಡಿಸಿ, ಬೀಜ ತೆಗೆದು, ನಾರು ಕಿತ್ತು, ಉಪ್ಪು ಬೆರೆಸಿ ಜಾಡಿಗೆ ತುಂಬಬೇಕು. ಬಿಸಿಲು ಸಾಲದಿದ್ದರೆ ಬೂಸ್ಟು ಹಿಡಿಯುತ್ತದೆ, ವರ್ಷವೆಲ್ಲ ಸಾರು ಕೆಡುತ್ತದೆ. ಈ ಕೆಲಸಕ್ಕೆ ನನಗೆ ಜೊತೆ ನಾದಿನಿಯ ಮಗಳು. ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಅವಳಿಗೆ ಕೆಲಸ, ಓಡಾಟಕ್ಕೆ ಹತ್ತಿರವೆಂದು ನಮ್ಮ ಮನೆಯಲ್ಲೇ ಇದ್ದಾಳೆ. ವಾರವೆಲ್ಲ ಶೀಟಿನ ಶೆಡ್ಡಿನಲ್ಲಿ ನಿಂತು ದುಡಿಯುವ ಹುಡುಗಿಗೆ ಭಾನುವಾರದ ಬಿಸಿಲೆಂದರೆ ಹಬ್ಬ. ಕಾಲು ಚಾಚಿ ಕುಳಿತು, ಹಣ್ಣು ಬಿಡಿಸುತ್ತಾ, ಮಧ್ಯೆ ಮಧ್ಯೆ ಬಾಯಿಗೂ ಹಾಕಿಕೊಳ್ಳುತ್ತಾ, ಸೂಪರ್‌ವೈಸರನ ನಡಿಗೆಯನ್ನು ಅಣಕಿಸಿ ನನ್ನನ್ನು ನಗಿಸುತ್ತಾಳೆ.

ಒಂದು ವರ್ಷ ಗೋಣಿಚೀಲಕ್ಕಿಂತ ಮೊದಲು ನಾದಿನಿಯ ಫೋನು ಬಂತು.

“ಅತ್ತಿಗೆ, ಹಣ್ಣು ಕಳಿಸ್ತಿದೀನಿ. ಆದ್ರೆ ಅವಳನ್ನ ಮಾತ್ರ ಮೇಲೆ ಹತ್ತಿಸ್ಬೇಡಿ.”

“ಯಾಕೆ?”

“ಕುಣಿಗಲ್ ಕಡೆಯಿಂದ ಹುಡುಗನ ಮನೆಯೋರು ನೋಡೋಕೆ ಬರ್ತಾವ್ರೆ. ನಿಮ್ಮನೆಗೇ ಬರ್ತಾರೆ, ತುಮಕೂರಾದ್ರೆ ಇಬ್ರಿಗೂ ಅನುಕೂಲ. ಮೊದ್ಲೇ ಎಣ್ಣೆಗಪ್ಪು. ಇನ್ನು ಈ ಬಿಸಿಲಲ್ಲಿ ಕೂತ್ರೆ ಬಾಣಲೆ ತಳ ಆಗ್ತಾಳೆ ಅಷ್ಟೇ.”

ಹೆತ್ತ ಮಗಳನ್ನು ಬಾಣಲೆಗೆ ಹೋಲಿಸಿದ ಬಾಯಲ್ಲೇ, ಹುಡುಗನಿಗೆ ಫೈನಾನ್ಸ್ ಕಂಪನಿಯಲ್ಲಿ ಎಸಿ ಆಫೀಸು, ಹುತ್ರಿದುರ್ಗದ ಕಡೆ ತೋಟ, ಬಿಸಿಲೇ ಕಾಣದ ಮೈಬಣ್ಣ ಎಂದು ಹೊಗಳಿದಳು. ನೆರಳಲ್ಲಿ ಕುಳಿತಿರುವುದೂ ಒಂದು ಯೋಗ್ಯತೆ ಎಂದು ನನಗೆ ಅಂದೇ ಗೊತ್ತಾದದ್ದು.

ಆಮೇಲೆ ಶುರುವಾಯಿತು ನೋಡಿ. ಕಡಲೆಹಿಟ್ಟು, ಮೊಸರು, ಟ್ಯೂಬಿನಲ್ಲಿ ಬರುವ ಬಿಳಿ ಕ್ರೀಮು. ಹುಡುಗಿ ಬಸ್ಸಿಗೆ ಹೊರಟರೆ ದುಪಟ್ಟಾದಲ್ಲಿ ಕಣ್ಣು ಬಿಟ್ಟು ಉಳಿದದ್ದೆಲ್ಲ ಮುಚ್ಚಬೇಕು. ಎದುರು ಮನೆಯವರು ಬಿಸಿಲನ್ನು ಮೈಗೆ ತುಂಬಿಕೊಳ್ಳಲು ಡಾಕ್ಟರಿಗೆ ಫೀಸು ಕೊಟ್ಟರು, ನಾವು ಅದೇ ಬಿಸಿಲನ್ನು ಮೈಯಿಂದ ತೆಗೆಯಲು ಮೆಡಿಕಲ್ ಸ್ಟೋರಿಗೆ ಕೊಟ್ಟೆವು. ಮೇಲೆ ಹುಣಸೆಹಣ್ಣನ್ನು ನಾನೊಬ್ಬಳೇ ಹರಡಿದೆ. ಹುಡುಗಿ ಮೆಟ್ಟಿಲ ಮೇಲಿನ ನೆರಳಿನಲ್ಲಿ ಕುಳಿತು, “ಅತ್ತೆ, ಒಂದೇ ಒಂದು ಕೊಡಿ” ಎಂದು ಕೈ ಚಾಚುತ್ತಿದ್ದಳು. ಆ ಕೈಯಷ್ಟೇ ಬಿಸಿಲಿಗೆ ಬರುತ್ತಿತ್ತು.

“ನಿಂಗೆ ಈ ಸಂಬಂಧ ಮನಸಿಗಿದೆಯೇನೇ?” ಎಂದು ಕೇಳಿದೆ.

“ನೋಡ್ದೆ ಹೆಂಗೆ ಹೇಳ್ಲಿ ಅತ್ತೆ? ಅಮ್ಮಂಗೆ ಮಾತ್ರ ತುಂಬಾ ಆಸೆ. ಇದು ತಪ್ಪಿದ್ರೆ ಇನ್ಯಾರೂ ಸಿಗಲ್ಲ ಅಂತ ಅಳ್ತಾಳೆ. ಒಳ್ಳೆ ಮನುಷ್ಯ ಆದ್ರೆ ಹೂಂ ಅಂತೀನಿ.”

ಮಾತು ಅಷ್ಟೇ. ಅವಳ ಬದುಕು ಎಲ್ಲಿ ಬೇರು ಬಿಡಬೇಕೆಂಬುದು ಅಲ್ಲಿಗೆ ನಿಂತಿತ್ತು.

ಅವರು ಬರುವ ಭಾನುವಾರ ಬಂತು. ನಾದಿನಿ ಹೊತ್ತಿಗೆ ಮೊದಲೇ ಗುಬ್ಬಿಯಿಂದ ಬಂದು, ಹಾಲ್‌ನ ಪರದೆಗಳನ್ನೆಲ್ಲ ಎಳೆದು, ಹಾಡುಹಗಲಲ್ಲಿ ಟ್ಯೂಬ್‌ಲೈಟ್ ಹಾಕಿ, ಸರಿಯಾಗಿ ಅದರ ಕೆಳಗೆ ಮಗಳ ಕುರ್ಚಿ ಇಟ್ಟಳು. ಸೂರ್ಯನನ್ನು ಮನೆಯಿಂದ ಆಚೆ ಹಾಕಿ ಕರೆಂಟನ್ನು ಒಳಗೆ ಕರೆದದ್ದಕ್ಕೆ ಕಾರಣವಿತ್ತು. ಹುಡುಗನ ಕಡೆಗೆ ಕಳಿಸಿದ ಫೋಟೋವನ್ನು ಇವಳು ಯಾರ ಕೈಲೋ ಮೊಬೈಲಿನಲ್ಲಿ ತಿದ್ದಿಸಿದ್ದಳು. ಅದರಲ್ಲಿ ನಮ್ಮ ಹುಡುಗಿ ಸುಣ್ಣ ಹೊಡೆದ ಗೋಡೆಯಂತಿದ್ದಳು.

ಬಂದವರು ಮೂವರು. ಹುಡುಗ, ತಾಯಿ, ತಂದೆ. ಕೇಸರಿಬಾತು ಉಪ್ಪಿಟ್ಟು ತಿಂದರು. ನಮ್ಮ ಕಡೆಯ ಗಂಡಸರು, ಅಂದರೆ ನನ್ನ ಯಜಮಾನರು ಮತ್ತು ನಾದಿನಿಯ ಗಂಡ, ಕೊಬ್ಬರಿ ರೇಟು ಮಾತಾಡಿ ಮುಗಿದ ಮೇಲೆ ಫ್ಯಾನ್ ನೋಡುತ್ತಾ ಕುಳಿತರು. ಹುಡುಗಿ ಕಾಫಿ ತಂದಳು. ಹುಡುಗನ ತಾಯಿ ಫೋನ್ ತೆಗೆದು ಫೋಟೋ ನೋಡಿದರು, ಹುಡುಗಿಯನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

“ಏನೂ ಅನ್ಕೋಬೇಡಿ ಕಣ್ರಿ,” ಎಂದರು ಕೊನೆಗೆ. “ಈ ಲೈಟಲ್ಲಿ ಎಲ್ರೂ ಬೆಳ್ಳಗೇ ಕಾಣ್ತಾರೆ. ಒಂದ್ ನಿಮಿಷ ಆಚೆ ಬಿಸಿಲಿಗೆ ಬಾಮ್ಮ.”

ನನಗೆ ಕಿವಿ ಬಿಸಿಯಾಯಿತು. ನಾದಿನಿ ಮಾತ್ರ, “ಅಯ್ಯೋ, ಅದಕ್ಕೇನಂತೆ, ಹೋಗೇ, ಹೋಗು” ಎಂದು ಮಗಳ ಬೆನ್ನು ನೂಕಿದಳು.

ಮನೆಯ ಮುಂದೆ ಕಲ್ಲುಚಪ್ಪಡಿ ಹಾಸಿದೆ. ಹೊತ್ತು ನೆತ್ತಿಗೇರಿತ್ತು. ಹುಡುಗಿ ರೇಷ್ಮೆ ಸೀರೆಯಲ್ಲಿ ಬರಿಗಾಲಲ್ಲಿ ಹೋಗಿ ನಿಂತಳು. ಹುಡುಗನ ತಾಯಿ ನೆರಳಿನ ಅಂಚಿನಿಂದ ಕೈ ಚಾಚಿ ಹುಡುಗಿಯ ಗದ್ದ ಹಿಡಿದು ಈ ಕಡೆ ತಿರುಗಿಸಿದರು, ಆ ಕಡೆ ತಿರುಗಿಸಿದರು. “ಕಣ್ ಬಿಡಮ್ಮ, ಯಾಕೆ ಮುಚ್ಕೋತೀಯ?” ಎಂದರು, ಸೂರ್ಯನ ಎದುರಿಗೇ ನಿಲ್ಲಿಸಿ. ತಮ್ಮ ಬಳೆ ಹಿಂದಕ್ಕೆ ಸರಿಸಿ, ತಮ್ಮ ಮುಂಗೈಯನ್ನು ಅವಳ ಮುಂಗೈಗೆ ಒತ್ತಿ ಅಳೆದರು. ಸೀರೆ ಅಂಗಡಿಯಲ್ಲಿ ಬ್ಲೌಸ್ ಪೀಸ್ ಮ್ಯಾಚ್ ಮಾಡುವವರು ಹೀಗೆ ಬೀದಿಗೆ ತಂದು ನೋಡುವುದನ್ನು ಕಂಡಿದ್ದೇನೆ. ಬಟ್ಟೆಗೆ ನಾಚಿಕೆ ಇರುವುದಿಲ್ಲ.

ಹುಡುಗಿ ಒಂದು ಪಾದ ಎತ್ತಿ ಇನ್ನೊಂದರ ಮೇಲಿಟ್ಟಳು. ಮತ್ತೆ ಬದಲಾಯಿಸಿದಳು.

“ನಾಚ್ಕೆ ಸ್ವಭಾವ,” ಎಂದು ಆಕೆ ಮೆಚ್ಚಿ ತಲೆಯಾಡಿಸಿದರು. ನಾನೂ ಹಾಗೇ ಅಂದುಕೊಂಡೆ.

ಅಷ್ಟರಲ್ಲಿ ಎದುರು ಟೆರೇಸಿನಿಂದ ನಿವೃತ್ತರು ಪೇಪರ್ ಪಕ್ಕಕ್ಕೆ ಸರಿಸಿ, “ಇನ್ನೊಂದ್ ಹದಿನೈದು ನಿಮಿಷ ನಿಲ್ಸಿ ಮೇಡಂ, ಮೂಳೆಗೆ ಒಳ್ಳೇದು!” ಎಂದು ಕೂಗಿದರು. ಕೆಲವರಿಗೆ ಬಿಸಿಲು ಮೂಳೆಗೆ ಹೋಗುತ್ತದೋ ಇಲ್ಲವೋ, ತಲೆಗೆ ಮಾತ್ರ ಖಂಡಿತ ಹೋಗುತ್ತದೆ.

“ನಮ್ ಹುಡುಗನ ಪಕ್ಕ ಹೊಂದ್ಬೇಕಲ್ವಾ, ಅದಕ್ಕೇ ನೋಡ್ದೆ,” ಎಂದರು ಆಕೆ ನನ್ನ ಕಡೆ ತಿರುಗಿ.

ನನಗೆ ತಡೆಯಲಾಗಲಿಲ್ಲ. “ಪಕ್ಕ ಹೊಂದುತ್ತೋ ಇಲ್ವೋ ಅಂತ ನೋಡೋಕೆ ಪಕ್ಕದಲ್ಲಿ ನಿಲ್ಬೇಕಲ್ರಮ್ಮ. ಬಾಪ್ಪ, ನೀನೂ ಬಾ ಬಿಸಿಲಿಗೆ.”

ಹುಡುಗ ಬಾಗಿಲ ನೆರಳಿನಲ್ಲಿ ಫೋನ್ ಹಿಡಿದು ನಿಂತಿದ್ದ. ಒಮ್ಮೆ ಮೇಲೆ ನೋಡಿದ, ಒಮ್ಮೆ ಕೆಳಗೆ ಚಪ್ಪಡಿ ನೋಡಿದ. “ಬೇಡ ಆಂಟಿ. ನಂಗೆ ಬಿಸಿಲು ಆಗಲ್ಲ, ತಲೆನೋವು ಬರುತ್ತೆ.”

“ಚಿಕ್ಕೋನಿಂದ ಹಂಗೇನೇ,” ಎಂದರು ತಾಯಿ, ಮಗ ಏನೋ ಪದಕ ಗೆದ್ದವನಂತೆ. “ಬಿಸಿಲಿಗೆ ಕಳಿಸ್ದೆ ಸಾಕಿದೀವಿ.”

ಎರಡು ದಿನ ಕಳೆದು ಕುಣಿಗಲ್‌ನಿಂದ ಒಪ್ಪಿಗೆ ಬಂತು. ನಾದಿನಿ ಫೋನಿನಲ್ಲಿ ಅತ್ತಳು. “ಬಣ್ಣ ಸ್ವಲ್ಪ ಕಮ್ಮಿ, ಆದ್ರೂ ಪರವಾಗಿಲ್ಲ ಅಂದ್ರು ಅತ್ತಿಗೆ. ಎಂಥ ದೊಡ್ಡ ಮನಸು!” ಬೇಕೆಂದು ಬಂದು, ತಿಂದು, ತಿರುಗಿಸಿ ನೋಡಿ, ಪರವಾಗಿಲ್ಲ ಎನ್ನುವುದಕ್ಕೆ ದೊಡ್ಡ ಮನಸ್ಸು ಎಂದು ಹೆಸರು. ತರಕಾರಿ ಗಾಡಿಯ ಮುಂದೆ ದಿನಾ ಅಂಥ ದೊಡ್ಡ ಮನಸ್ಸಿನವರು ಸಾಲುಗಟ್ಟಿ ನಿಂತಿರುತ್ತಾರೆ.

ಹುಡುಗಿಗೆ ಹೇಳಿದೆ. ಅವಳು ಟಿಫನ್ ಡಬ್ಬಿ ತೊಳೆಯುತ್ತಿದ್ದವಳು ತಿರುಗದೆಯೇ, “ಬೇಡ ಅತ್ತೆ” ಎಂದಳು.

“ಬಣ್ಣದ ಮಾತಿಗೆ ಬೇಜಾರಾಯ್ತಾ?”

“ಅದು ಕೇಳಿ ಕೇಳಿ ಅಭ್ಯಾಸ ಆಗಿದೆ ಬುಡಿ. ನನ್ ಕಾಲು ಸುಡ್ತಿತ್ತು. ಅವ್ರ ಮಗ ನೋಡಿದ್ರು ಅತ್ತೆ, ನನ್ ಕಾಲನ್ನೇ ನೋಡಿದ್ರು. ಅವ್ರ ಚಪ್ಪಲಿ ಅಲ್ಲೇ ಮೆಟ್ಲ ಹತ್ರ ಇತ್ತು. ಹಾಕೊಳ್ಳಿ ಅನ್ಬೋದಿತ್ತು. ಸಾಕಮ್ಮ ಒಳಗೆ ಬಾ ಅಂತ ಅವ್ರಮ್ಮಂಗೆ ಹೇಳ್ಬೋದಿತ್ತು. ತಿರ್ಗಿ ಫೋನ್ ನೋಡ್ಕೊಂಡ್ರು.”

ಆಗ ನನಗೆ ಪಾದದ ಮೇಲೆ ಪಾದ ಇಟ್ಟದ್ದು ನೆನಪಾಯಿತು. ಕುದುರೆಗೆ ಹೆಸರಾದ ಊರಿನವರು ಅವರು. ಕುದುರೆ ಕೊಳ್ಳುವವನಾದರೂ ಕಾಲೆತ್ತಿ ಗೊರಸು ನೋಡುತ್ತಾನೆ. ಈಕೆ ಗದ್ದದಿಂದ ಕೆಳಗೆ ಇಳಿಯಲೇ ಇಲ್ಲ. ನೋಡಿದವನು ಒಬ್ಬನೇ, ಅವನಿಗೂ ನೋಡಿದ್ದು ಕಣ್ಣಿಗಷ್ಟೇ ತಲುಪಿತು.

ಮುಂದಿನ ಭಾನುವಾರ ನಾದಿನಿ ಗುಬ್ಬಿಯ ಬಸ್ಸಿನಲ್ಲಿ ಸಿಡಿಮಿಡಿಗುಟ್ಟುತ್ತಾ ಬಂದಳು. ಹುಡುಗಿ ಬೇಕೆಂದೇ ಮೇಲೆ ಹುಣಸೆಹಣ್ಣಿನ ಮಧ್ಯೆ ಕುಳಿತಿದ್ದಳು, ದುಪಟ್ಟಾ ಇಲ್ಲ, ಕ್ರೀಮಿಲ್ಲ. ನಾನು ಗೋಣಿಚೀಲದ ಮೇಲೆ ಕುಳಿತು ನಾರು ಕೀಳುತ್ತಿದ್ದೆ. ನಾದಿನಿ ಕೋಪದಲ್ಲಿ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಮೇಲೆ ಬಂದು ನಿಂತಳು.

“ಏನ್ಲೇ, ಕಾಲ್ ಸುಟ್ಟಿತು ಅಂತ ಸಂಬಂಧ ಬಿಡ್ತಾರೇನೇ? ನಾಕ್ ಜನ ಕೇಳಿದ್ರೆ ನಗಲ್ವಾ?”

“ನಗ್ಲಿ ಬುಡಮ್ಮ.”

“ಎಸಿ ಆಫೀಸು ಕಣೇ! ತೋಟ ಕಣೇ! ನಿಂಗೇನ್ ದೊಡ್ಡ ರಾಜಕುಮಾರ...” ಎಂದವಳು ಎಡಗಾಲು ಎತ್ತಿದಳು. “ರಾಜಕುಮಾರ ಬರ್ತಾನಾ...” ಬಲಗಾಲು ಎತ್ತಿದಳು. ಸಿಮೆಂಟು ಕಾದ ಹೆಂಚಾಗಿತ್ತು. “ನಾನು ನಿಮ್ಮಪ್ಪನ್ನ ಕಟ್ಕೊಂಡಾಗ ಇದೆಲ್ಲಾ...” ಮತ್ತೆ ಎಡಗಾಲು.

ಹುಡುಗಿ ತನ್ನ ಕಾಲಿನ ಹವಾಯಿ ಚಪ್ಪಲಿ ಕಳಚಿ, ತಾಯಿಯ ಪಾದದ ಮುಂದೆ, ಹಾಕಿಕೊಳ್ಳಲು ನೇರವಾಗುವಂತೆ ತಿರುಗಿಸಿ ಇಟ್ಟಳು. ತಾನು ಕಾಲು ಮಡಚಿ ಗೋಣಿಚೀಲದ ಮೇಲೆ ನನ್ನ ಪಕ್ಕಕ್ಕೆ ಸರಿದಳು.

ನಾದಿನಿ ಬೈಗುಳದ ನಡುವೆಯೇ ಚಪ್ಪಲಿಗೆ ಕಾಲು ತೂರಿಸಿದಳು. ತೂರಿಸಿದವಳು ಕೆಳಗೆ ನೋಡಿದಳು.

“ಆ ದಿನಾನೂ ಇಷ್ಟೇ ಸುಡ್ತಿತ್ತೇನೇ?” ಎಂದಳು ಕೊನೆಗೆ.

“ಕಲ್ಲು ಇನ್ನೂ ಜಾಸ್ತಿ ಅಮ್ಮ.”

ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಬೆವರೆಂದು ಹೇಳಿದಳು, ನಾವೂ ಹೂಂ ಎಂದೆವು. ಆಮೇಲೆ ಚಪ್ಪಲಿ ಬಿಚ್ಚದೆಯೇ ಕುಕ್ಕರುಗಾಲಲ್ಲಿ ಕುಳಿತು, ಒಂದು ಹಿಡಿ ಹಣ್ಣು ಮಡಿಲಿಗೆ ಎಳೆದುಕೊಂಡು, “ನಾರು ಕೀಳೋದು ಹಿಂಗಾ ಅತ್ತಿಗೆ? ಅರ್ಧ ಒಳಗೇ ಬಿಟ್ಟಿದೀರಲ್ಲ” ಎಂದು ನನ್ನ ಮೇಲೆ ಹಾಯ್ದಳು. ಆ ಕೋಪ ಎಲ್ಲಾದರೂ ಇಳಿಯಬೇಕಿತ್ತು.

ಸಂಜೆ ಅವಳೇ ಕುಣಿಗಲ್‌ಗೆ ಫೋನ್ ಮಾಡಿ, ಜಾತಕ ಕೂಡಿಬರಲಿಲ್ಲ ಎಂದಳು. ಮಗಳ ಕಾಲು ಸುಟ್ಟಿತೆಂದರೆ ಆ ಜನಕ್ಕೆ ಅರ್ಥವಾಗುತ್ತಿರಲಿಲ್ಲ, ಗ್ರಹಗಳ ಮೇಲೆ ಹಾಕಿದರೆ ತಕ್ಷಣ ಅರ್ಥವಾಯಿತು. “ಹೋಗ್ಲಿ ಬಿಡಿ, ನಮ್ಗೂ ಬಣ್ಣದ್ದೇ ಯೋಚ್ನೆ ಇತ್ತು” ಎಂದರಂತೆ ಹುಡುಗನ ತಾಯಿ. ನಾದಿನಿ ಮಗಳ ಮುಖ ನೋಡಿ, ಫೋನ್ ಇಟ್ಟಳು.

ನಾನು ದೇವರ ಮುಂದೆ ದೀಪ ಹಚ್ಚಿ ಆ ದಿನದ ಲೆಕ್ಕ ಒಪ್ಪಿಸಿದೆ. ಹಣ್ಣು ಚೆನ್ನಾಗಿ ಒಣಗಿದೆ, ಬೂಸ್ಟಿನ ಭಯವಿಲ್ಲ. ನಾದಿನಿ ಕೈಹಾಕಿದ್ದರಿಂದ ಜಾಡಿ ಬೇಗ ತುಂಬಿತು. ಬಸ್ ಸ್ಟ್ಯಾಂಡಿಗೆ ಹೊರಟಾಗ ಅವಳು ತನ್ನ ಚಪ್ಪಲಿ ಮರೆತು ಮಗಳ ಹವಾಯಿ ಚಪ್ಪಲಿಯಲ್ಲೇ ಗುಬ್ಬಿಗೆ ಹೋದಳು. ಹುಡುಗಿ ಮರುದಿನ ಅಮ್ಮನ ಚಪ್ಪಲಿ ಮೆಟ್ಟಿಕೊಂಡು, ಮುಖ ಮುಚ್ಚಿಕೊಳ್ಳದೆ, ಹಿರೇಹಳ್ಳಿಯ ಬಸ್ಸು ಹತ್ತಿದಳು.