ಶುಕ್ರವಾರ ತೆವಳುವ ಸರ್ವರ್

ಕರಗಂಡ ನಗರದ ಅಕ್‌ಮರಾಲ್ ನೋಡಿಕೊಳ್ಳುತ್ತಿದ್ದ ಸರ್ವರ್‌ನಲ್ಲಿ ಇದ್ದದ್ದು ವಂಶಾವಳಿಗಳ ವೆಬ್‌ಸೈಟ್ ಒಂದೇ. ಶುಕ್ರವಾರ ಬಂತೆಂದರೆ ಅದು ಆಮೆಯಂತೆ ತೆವಳುತ್ತಿತ್ತು. ಮೆಮೊರಿ ಹೆಚ್ಚಿಸಿದಳು, ಡಿಸ್ಕ್ ಬದಲಿಸಿದಳು, ಅದು ಮಾತ್ರ ಜಪ್ಪಯ್ಯ ಎನ್ನಲಿಲ್ಲ.

ಸೋದರತ್ತೆ ರಿಸ್ತಿ ಫೋನಿನಲ್ಲಿ ನಕ್ಕಳು. "ಶುಕ್ರವಾರ ಎಲ್ಲರ ಮನೇಲೂ ಸತ್ತೋರ ಹೆಸರಲ್ಲಿ ಎಣ್ಣೇಲಿ ರೊಟ್ಟಿ ಕರೀತಾರಲ್ಲೇ, ಆಗ ಹಿರಿಯರ ಪುಟ ತೆಗೆದು ನೋಡ್ತಾರೆ. ನಿಮ್ಮಪ್ಪನಿಗೆ ಅಂತ ನೀನು ಒಂದ್ಸಲಾನಾದ್ರೂ ಕರಿದಿದ್ದೀಯಾ?"

"ಪುರುಸೊತ್ತೆಲ್ಲಿದೆ ಅತ್ತೆ? ಈ ದರಿದ್ರ ಯಂತ್ರಾನೇ ಸಾಕಾಗಿದೆ."

ಜನ ಮುಗಿಬೀಳುವುದೇ ಕಾರಣವೇನೋ ಎಂದು ಇಂಟರ್ನೆಟ್ ಕೇಬಲ್ ಕಿತ್ತಳು. ಸರ್ವರ್ ಮೇಲಿನ ಭಾರ ಇಳಿಯಲಿಲ್ಲ. ಯಾರಿಗೂ ತಲುಪಲಾಗದ ಯಂತ್ರದೊಳಗೆ ಒಂದೇ ಪುಟ ಮತ್ತೆ ಮತ್ತೆ ತೆರೆದುಕೊಳ್ಳುತ್ತಿತ್ತು. ಅದು ಅಪ್ಪನದು.

"ಅತ್ತೆ," ಅಕ್‌ಮರಾಲ್ ಫೋನಿನಲ್ಲಿ ಪಿಸುಗುಟ್ಟಿದಳು, "ರೊಟ್ಟಿ ಹಿಟ್ಟಿಗೆ ಉಪ್ಪು ಎಷ್ಟು ಹಾಕ್ಬೇಕು?"