ಅತ್ತಿಗೆಯ ಐವತ್ತು ನಿಮಿಷ

ಕಳೆದ ತಿಂಗಳು ನಮ್ಮ ಅತ್ತಿಗೆ ಮರುಭೂಮಿಯ ನಡುವೆ ಒಂದು ಬಸ್ಸನ್ನು ತಡೆದು ನಿಲ್ಲಿಸಿದರು. ರಸ್ತೆಗೆ ಅಡ್ಡ ಕೂತು ಅಲ್ಲ, ಸ್ನಾನ ಮಾಡುತ್ತ ಕೂತು.

ನಗಬೇಡಿ. ಆ ಬಸ್ಸಿನಲ್ಲಿ ನಾನೂ ಇದ್ದೆ.

ರಜೆಯಲ್ಲಿ ನಾನು ಯಾತ್ರೆಗೆ ಹೋದದ್ದು ನಿಮಗೆ ಗೊತ್ತೇ ಇದೆ. (ಈ ಅಂಕಣ ಬರಲಿಲ್ಲವೆಂದು ಬೇಸರಪಟ್ಟು ಕಾರ್ಡು ಬರೆದವರು ಒಬ್ಬರು. ಒಬ್ಬರೇ.) ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಯವರು ಸೇರಿ ಮೂವತ್ತೊಂದು ಜನ. ಇಪ್ಪತ್ತು ಗಂಡಸರು, ಹನ್ನೊಂದು ಹೆಂಗಸರು. ನಮ್ಮ ಲೀಡರ್ ಹೊಸನಗರದ ಒಬ್ಬ ನಿವೃತ್ತ ಶಾನುಭೋಗರು. ಕೊರಳಲ್ಲಿ ಸೀಟಿ, ಜೇಬಿನಲ್ಲಿ ಗಡಿಯಾರ. ಊಟವಿರಲಿ, ದೇವರ ದರ್ಶನವಿರಲಿ, ಅವರು ಸೀಟಿ ಊದಿದರೆ ಅಲ್ಲಿಗೆ ಮುಗಿಯಿತು.

ಅಣ್ಣ ಹೊರಟದ್ದು ದ್ವಾರಕೆ ನೋಡಲು. ಅತ್ತಿಗೆ ಮೊದಲು ಬರುವುದೇ ಇಲ್ಲ ಎಂದಿದ್ದರು. ಒಂದು ದಿನ ಊರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಶಾನುಭೋಗರು ಕೊಟ್ಟ ಪಟ್ಟಿಯನ್ನು ಓದಿ ಹೇಳುತ್ತಿದ್ದೆ. ದೇವಸ್ಥಾನಗಳ ಹೆಸರಿಗೆ ಕೈಮುಗಿದರು. ಕೋಟೆಗಳ ಹೆಸರು ಬಂದಾಗ ಕಿವಿಗೇ ಹಾಕಿಕೊಳ್ಳಲಿಲ್ಲ. (ಕವಲೇದುರ್ಗದ ಬುಡದಲ್ಲೇ ಮನೆ ಇರುವವರಿಗೆ ಕೋಟೆಯೇನು ಹೊಸದೇ?) ಆಮೇಲೆ ರಾಜಸ್ಥಾನದ ಮರಳುಗಾಡಿನಲ್ಲಿ ಒಂದು ಬಿಸಿನೀರಿನ ಬುಗ್ಗೆ ಎಂದು ಓದಿದೆ.

"ಬಿಸಿನೀರಾ? ಕಾಯ್ಸೋದು ಯಾರು?"

"ಯಾರೂ ಇಲ್ಲ ಅತ್ತಿಗೆ. ಭೂಮಿ ಒಳಗಿನ ಕಾವಿಗೆ ತಾನೇ ಕಾದು ಮೇಲೆ ಬರುತ್ತೆ."

"ಉರಿ ಹಾಕೋದೇ ಬ್ಯಾಡ್ವಾ?"

"ಬೇಡ."

ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. "ಹಂಗಾರೆ ನನ್ನ ಹೆಸರೂ ಬರ್ಸು" ಎಂದರು.

ನಮ್ಮ ಕಡೆಯ ಬಿಸಿನೀರಿನ ಹುಚ್ಚು ನಿಮಗೆ ಹೇಳಬೇಕೇ? ಗದ್ದೆಯಿಂದ ಬಂದವರಿಗೆ ಊಟ ತಡವಾದರೂ ನಡೆದೀತು, ಹಂಡೆಯಲ್ಲಿ ನೀರು ಕಾದಿರಲೇಬೇಕು. ಅತ್ತಿಗೆ ಮದುವೆಯಾಗಿ ಬಂದ ಮೊದಲ ವಾರದಿಂದ ಆ ಒಲೆ ಅವರದು. ದಿನಾ ಸಂಜೆ ಒದ್ದೆ ಕಟ್ಟಿಗೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಉರಿ ಹಾಕುವುದು ಅವರು. ಮೊದಲು ಅಪ್ಪ ಮೀಯಬೇಕು, ಆಮೇಲೆ ಅಣ್ಣ, ಆಮೇಲೆ ನಾನು, ನೆಂಟರು ಬಂದಿದ್ದರೆ ನೆಂಟರು. ತೆಗೆದ ಬಿಸಿನೀರಿನಷ್ಟೇ ತಣ್ಣೀರನ್ನು ಹಂಡೆಗೆ ತಿರುಗಿ ಹೊಯ್ಯಬೇಕೆಂಬುದು ಕ್ರಮ. ನಾವು ಹೊಯ್ಯುತ್ತಿದ್ದೆವು, ಧಾರಾಳವಾಗಿ. ಕಟ್ಟಿಗೆಯನ್ನು ಒಲೆಯೊಳಗೆ ದೂಡಬೇಕೆಂಬುದೂ ಕ್ರಮವೇ. ಅದು ಮಾತ್ರ ಯಾರಿಗೂ ನೆನಪಾಗುತ್ತಿರಲಿಲ್ಲ. ಕೊನೆಗೆ ಅತ್ತಿಗೆ ಹೋಗುವಷ್ಟರಲ್ಲಿ ಒಲೆಯಲ್ಲಿ ಬೂದಿ, ಹಂಡೆಯಲ್ಲಿ ಉಗುರುಬೆಚ್ಚಗಿನ ನೀರು.

ಇದನ್ನೆಲ್ಲ ಈಗ ಬರೆಯುತ್ತಿದ್ದೇನೆ. ಇಷ್ಟು ವರ್ಷ ಒಮ್ಮೆಯಾದರೂ ಯೋಚಿಸಿದ್ದೆನೇ? ಇಲ್ಲ.

ರೈಲಿನಲ್ಲಿ, ಛತ್ರಗಳಲ್ಲಿ ಹತ್ತು ದಿನ ಅರ್ಧ ಬಕೆಟ್ ತಣ್ಣೀರಿನಲ್ಲಿ ಮುಗಿಸಿದೆವು. ಹನ್ನೊಂದನೆಯ ದಿನ ಬಾಡಿಗೆ ಬಸ್ಸು ನಮ್ಮನ್ನು ಮರಳುಗಾಡಿಗೆ ಕರೆದುಕೊಂಡು ಹೋಯಿತು. ಏನು ಜಾಗ ಅದು! ನೆರಳೆಂಬುದಿಲ್ಲ. ಮುಳ್ಳು ಗಿಡ, ಮರಳು, ಮತ್ತೆ ಮರಳು. ಕುಡಿಯುವ ನೀರನ್ನು ಒಂಟೆಯ ಮೇಲೆ ಹೇರಿಕೊಂಡು ಹೋಗುತ್ತಿದ್ದರು. ಇಲ್ಲಿ ನಮ್ಮ ಕಡೆ ಅಣೆಕಟ್ಟಿನ ನೀರು ಏರಿ ಏರಿ ಊರುಗಳೇ ಮುಳುಗುತ್ತಿವೆ. ದೇವರ ಲೆಕ್ಕಾಚಾರ ನನಗಂತೂ ಅರ್ಥವಾಗುವುದಿಲ್ಲ.

ಅಂಥ ಕಡೆ, ನಾಲ್ಕು ಗೋಡೆಯ ನಡುವೆ ಒಂದು ಕಲ್ಲಿನ ಕೊಳ. ತಳದಿಂದ ಗುಳ್ಳೆ ಗುಳ್ಳೆಯಾಗಿ ಬಿಸಿನೀರು. ಸುಟ್ಟ ಪಟಾಕಿಯ ವಾಸನೆ. ಅತ್ತಿಗೆ ಬಾಗಿಲಲ್ಲಿ ನಿಂತು ಇಣುಕಿದರು. ಬಗ್ಗಿ ಕೊಳದ ಸುತ್ತಲೂ ನೋಡಿದರು. ಒಲೆ ಹುಡುಕುತ್ತಿದ್ದರೋ ಏನೋ.

ಶಾನುಭೋಗರು ಗಡಿಯಾರ ತೆಗೆದರು. "ಒಂದೇ ಗಂಟೆ ಟೈಮು. ಗಂಡಸ್ರು ಬೇಗ ಮುಗಿಸ್ಕೊಂಡು ಬರ್ಲಿ, ಆಮೇಲೆ ಹೆಂಗಸ್ರು ನಿಧಾನಕ್ಕೆ ಮಾಡ್ಕೊಳ್ಳಿ. ಸಂಜೆ ರೈಲು ತಪ್ಪಿದ್ರೆ ನಾನು ಜವಾಬ್ದಾರಿ ಅಲ್ಲ."

ಗಂಡಸರೇ ಮೊದಲು ಏಕೆ? ಯಾರೂ ಕೇಳಲಿಲ್ಲ. ಕೇಳುವಂಥದ್ದು ಏನೋ ಇದೆ ಎಂದೇ ಯಾರಿಗೂ ಹೊಳೆಯಲಿಲ್ಲ.

ಇಳಿದೆವು. ಆಹಾ! ಹತ್ತು ದಿನದ ರೈಲಿನ ಮಸಿ, ಮೈನೋವು, ಶಾನುಭೋಗರ ಸೀಟಿ, ಎಲ್ಲ ಕರಗಿ ಹೋಯಿತು. ಅಣ್ಣ ಕುತ್ತಿಗೆವರೆಗೆ ಮುಳುಗಿ ಕಣ್ಣು ಮುಚ್ಚಿದ. ನಾನು ಪಕ್ಕದವರೊಡನೆ ಅಡಿಕೆ ಧಾರಣೆಯಿಂದ ಹಿಡಿದು ಚೀನಾದವರೆಗೆ ಮಾತಾಡಿದೆ. ಬೇಗ ಮುಗಿಸಬೇಕಿದ್ದ ಶಾನುಭೋಗರೂ ನಮ್ಮ ಜೊತೆಯೇ ಇದ್ದರು. ಗಡಿಯಾರ ದಂಡೆಯ ಮೇಲೆ, ಅಂಗಿಯ ಜೇಬಿನಲ್ಲಿತ್ತು. ಹೊರಗೆ ಬಂದು ಅದನ್ನು ನೋಡಿದಾಗ ಐವತ್ತು ನಿಮಿಷ ಕಳೆದಿತ್ತು.

ಹನ್ನೊಂದು ಹೆಂಗಸರಿಗೆ ಉಳಿದದ್ದು ಹತ್ತು ನಿಮಿಷ.

ಅವರು ಗಡಿಬಿಡಿಯಿಂದ ಒಳಗೆ ಹೋದರು. ಹತ್ತು ನಿಮಿಷಕ್ಕೆ ಸರಿಯಾಗಿ ಸೀಟಿ. ಒದ್ದೆ ಕೂದಲು ಗಂಟು ಹಾಕಿಕೊಳ್ಳುತ್ತ ಒಬ್ಬೊಬ್ಬರೇ ಬಂದರು. ಹತ್ತು ಜನ ಬಂದರು. ಅತ್ತಿಗೆ ಇಲ್ಲ. ಎಲ್ಲರ ಸೀರೆ, ಸರ, ಬಳೆ ಕಾಯುತ್ತ ದಂಡೆಯ ಮೇಲೆ ನಿಂತಿದ್ದರಂತೆ. ಎಲ್ಲರೂ ಮೇಲೆ ಬಂದ ಮೇಲೆ ನೀರಿಗೆ ಇಳಿದರಂತೆ. ಅಷ್ಟರಲ್ಲಿ ಸೀಟಿ.

ಅಣ್ಣ ಗೋಡೆಯ ಹತ್ತಿರ ಹೋಗಿ ಕೂಗಿದ. "ಏ ಇವ್ಳೇ, ಸಾಕು ಬಾರೆ. ಎಲ್ಲಾ ಕಾಯ್ತಾ ಇದಾರೆ."

"ನೀವು ಹೊರಡಿ. ನಾನು ಬರೋದಿಲ್ಲ."

ಅಣ್ಣನ ಮುಖ ನೋಡಬೇಕಿತ್ತು. ಆ ದನಿ ಅವನಿಗೆ ಪರಿಚಯವೇ ಇರಲಿಲ್ಲ. ಡ್ರೈವರ್ ಹಾರ್ನ್ ಹೊಡೆದ. ಶಾನುಭೋಗರು ಸೀಟಿ ಊದಿದರು. ಒಳಗಿನಿಂದ ನೀರಿನ ಸದ್ದು ಮಾತ್ರ ನೆಮ್ಮದಿಯಾಗಿ ಕೇಳುತ್ತಿತ್ತು. ಎಲ್ಲರೂ ನನ್ನ ಕಡೆ ತಿರುಗಿದರು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವರು ಅತ್ತಿಗೆಯೇ. ನನ್ನ ಮಾತು ಕೇಳಿಯಾರು ಎಂಬ ನಂಬಿಕೆ. ನನಗೂ ಇತ್ತು.

"ಅತ್ತಿಗೆ, ರೈಲು ತಪ್ಪುತ್ತೆ. ಬನ್ನಿ."

"ಶೇಖರ, ನೀನು ಎಷ್ಟೊತ್ತು ಇದ್ದೆ ಒಳಗೆ?"

ನಾನು ಶಾನುಭೋಗರ ಕಡೆ ನೋಡಿದೆ.

"ಹೇಳಾ."

"ಐವತ್ತು ನಿಮಿಷ."

"ನಂಗೂ ಅಷ್ಟೇ ಸಾಕು. ಹೆಚ್ಚು ಬ್ಯಾಡ. ಗಡಿಯಾರ ನೋಡ್ಕಳಿ ಅಂತ ಶಾನುಭೋಗ್ರಿಗೆ ಹೇಳು."

ನಾಚಿಕೆಯಾಯಿತು. ಸುತ್ತಿ ಬಳಸಿ ಹೇಳುವುದೇನಿದೆ, ನಿಜಕ್ಕೂ ನಾಚಿಕೆಯಾಯಿತು. ಚಿಕ್ಕಂದಿನಿಂದ ನನ್ನ ತಲೆಗೆ ಬಿಸಿನೀರು ಹೊಯ್ದ ಕೈ ಗೋಡೆಯ ಆಚೆಗಿದೆ. ಅದಕ್ಕೆ ಬೇಗ ಮುಗಿಸು ಎಂದು ಹೇಳಲು ಈಚೆ ನಾನು ನಿಂತಿದ್ದೇನೆ! ಬಸ್ಸಿನ ಹತ್ತಿರ ಹೋಗಿ, "ಅವರು ಬರೋ ಹೊತ್ತಿಗೆ ಬರ್ತಾರೆ" ಎಂದೆ. ಶಾನುಭೋಗರು ಬೈದರು. ಬೈಸಿಕೊಂಡೆ. ಹೆಂಗಸರ ಪೈಕಿ ಸಾಗರದ ಗೌರಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ಮೀಯ್ಲಿ ಬಿಡಿ, ಪಾಪ. ನಮ್ಗೆ ಎಂತ ಅವಸರವೂ ಇಲ್ಲೆ" ಎಂದರು.

ಇಪ್ಪತ್ತು ಗಂಡಸರು ಬಿಸಿಲಿನಲ್ಲಿ ಕಾದೆವು. ಕಾಯುವುದು ಎಷ್ಟು ಉದ್ದದ ಕೆಲಸ ಎಂದು ನನಗೆ ತಿಳಿದದ್ದು ಅವತ್ತು.

ಅತ್ತಿಗೆ ಬಂದರು. ಕೆಂಪಗಾದ ಮುಖ, ಬೆನ್ನ ಮೇಲೆ ಬಿಚ್ಚಿದ ಕೂದಲು. ಹತ್ತು ವರ್ಷ ಕಡಿಮೆಯಾದಂತೆ ಕಾಣುತ್ತಿದ್ದರು. ಯಾರ ಕಡೆಗೂ ನೋಡದೆ ಬಸ್ಸು ಹತ್ತಿ ತಮ್ಮ ಜಾಗದಲ್ಲಿ ಕೂತು, "ಹೊರಡಿ ಮತ್ತೆ, ಇನ್ಯಾರಿಗೆ ಕಾಯ್ತಿದೀರಿ?" ಎಂದರು.

ರೈಲು ಸಿಕ್ಕಿತು. ಅದು ನಮಗಿಂತ ತಡವಾಗಿ ಬಂತು. (ನಮ್ಮ ರೈಲುಗಳ ಬಗ್ಗೆ ಇನ್ನು ಮುಂದೆ ಕೆಟ್ಟದ್ದು ಬರೆಯುವುದಿಲ್ಲ.)

ಇಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ನನ್ನ ಮಾನವೂ ಉಳಿಯುತ್ತಿತ್ತು. ಆದರೆ ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಸಂಜೆ ಅತ್ತಿಗೆ ಬಚ್ಚಲೊಲೆಯ ಮುಂದೆ ಕೂತು ಊದುತ್ತಿದ್ದರು. ಅದೇ ಹೊಗೆ, ಅದೇ ಹಂಡೆ. ನಾನು ದೊಡ್ಡ ಮನುಷ್ಯನ ಹಾಗೆ ಹೋಗಿ ಹೇಳಿದೆ.

"ಅತ್ತಿಗೆ, ಇವತ್ತು ಮೊದಲು ನೀವು ಮಿಂದು ಬನ್ನಿ."

ಅವರು ತಲೆಯೆತ್ತಿ ನಕ್ಕರು. "ನಾ ಹೋದ್ರೆ ಉರಿ ಯಾರು ನೋಡ್ತಾರೆ? ನೀನು ನೋಡ್ತೀಯಾ?"

ಬಿ.ಎ. ಮಾಡಿದ್ದೇನೆ, ಬಿ.ಟಿ. ಮಾಡಿದ್ದೇನೆ. ಭೂಮಿಯ ಒಳಗಿನ ಕಾವಿನ ಬಗ್ಗೆ ಹುಡುಗರಿಗೆ ಪಾಠ ಹೇಳುತ್ತೇನೆ. ಒದ್ದೆ ಕಟ್ಟಿಗೆಗೆ ಬೆಂಕಿ ಹಿಡಿಸಲು ಬರುವುದಿಲ್ಲ.

"ನೀರು ಹದವಾಗಿದೆ, ಹೋಗಾ" ಎಂದರು ಅತ್ತಿಗೆ.

ಟವೆಲ್ ಹೆಗಲಿಗೆ ಹಾಕಿಕೊಂಡು ಹೋದೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?